ತೆರೆದುಕೊಳ್ಳದ ಲಗ್ನಪತ್ರಿಕೆ

ನನ್ನ ಅಕ್ಕ ಸುಳ್ಳು ಹೇಳುವವಳಲ್ಲ. ಈ ಒಂದು ಮಾತನ್ನು ನಮ್ಮ ಜನರಿಂದ ಒಪ್ಪಿಸುವುದಕ್ಕೆ ನಾನು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿದ ಮೇಲೆ, ಕಂಪ್ಯೂಟರಿನ ಅಸೆಂಬ್ಲಿ ಭಾಷೆ ಕಲಿಯಬೇಕಾಯಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದ ಮೇಲೆ ಬರೆದರೆ ಎಲ್ಲರಿಗೂ ಒಳ್ಳೆಯವನಾಗಿ ಬರೆಯುತ್ತೇನೆ, ಆ ಭಯಕ್ಕೆ ಈಗಲೇ ಕೂತಿದ್ದೇನೆ.

ನಾನು ಅರಸೀಕೆರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಮಕ್ಕಳಿಗೆ ಅರ್ಜಿ ಟೈಪು ಮಾಡುವುದು, ಅಂಕಪಟ್ಟಿಯನ್ನು ಚೌಕಗಳಲ್ಲಿ ಕೂರಿಸುವುದು ಹೇಳಿಕೊಟ್ಟು ಇಪ್ಪತ್ತು ವರ್ಷ ಕಳೆದಿದ್ದೇನೆ. ನಂಟರ ಕಣ್ಣಲ್ಲಿ ಮಾತ್ರ ನಾನು ದೊಡ್ಡ ಕಂಪ್ಯೂಟರ್ ಮೇಷ್ಟ್ರು. ಪ್ರಿಂಟರು ಕಾಗದ ನುಂಗಿದರೂ ನನಗೇ ಫೋನು, ಟಿವಿ ರಿಮೋಟು ಕೆಟ್ಟರೂ ನನಗೇ ಫೋನು. ಸ್ವಭಾವದಲ್ಲಿ ಪುಕ್ಕಲ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಎಳೆದು ನೋಡುವ ಜಾತಿ. ಈ ಅಂಜಿಕೆಯಿಂದಲೇ ಕಂಪ್ಯೂಟರ್ ಭದ್ರತೆಯ ಒಂದು ಆನ್‌ಲೈನ್ ಕೋರ್ಸಿಗೆ ಸೇರಿಕೊಂಡಿದ್ದೆ. ಕಳ್ಳರು ಯಾವ ದಾರಿಯಲ್ಲಿ ಬರುತ್ತಾರೆಂದು ತಿಳಿದರೆ ಹೆದರಿಕೆ ಕಡಿಮೆಯಾದೀತು ಎಂಬ ಆಸೆ. ಮೊದಲನೆಯ ಪಾಠಕ್ಕೇ ಹೆದರಿಕೆ ಎರಡರಷ್ಟಾಯಿತು. ಎರಡನೆಯ ಪಾಠದ ಕಡೆ ತಲೆ ಹಾಕಿರಲಿಲ್ಲ.

ಅಕ್ಕ ಇರುವುದು ಹಳೇಬೀಡಿನಲ್ಲಿ. ಬಾವ ತೀರಿಕೊಂಡು ಆರು ವರ್ಷವಾಯಿತು. ಮಗಳು ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಆ ಹುಡುಗಿಗೆ ಬಿಕ್ಕೋಡು ಕಡೆಯ, ಕಾಫಿ ತೋಟವಿರುವ ಮನೆಯೊಂದರ ಸಂಬಂಧ ಬಂದಿತ್ತು. ತಂದವರು ಕಣಕಟ್ಟೆ ಕಡೆಯ ಒಬ್ಬ ಹಿರಿಯರು. ನಮ್ಮ ಜನರಲ್ಲಿ ಹೆಣ್ಣುಗಂಡು ಕೂಡಿಸುವುದನ್ನು ಅವರು ತೆಂಗಿನ ತೋಟಕ್ಕಿಂತ ಹೆಚ್ಚು ಮುತುವರ್ಜಿಯಿಂದ ಮಾಡುತ್ತಾರೆ. ಹುಡುಗಿ ನೋಡುವ ಶಾಸ್ತ್ರ ಮುಗಿದಿತ್ತು. ನಾವೂ ಬಿಕ್ಕೋಡಿಗೆ ಹೋಗಿ ಕಾಫಿ ಕುಡಿದು ಬಂದಿದ್ದೆವು. ಮುಂದಿನ ಮಾತಿಗೆ ಒಂದು ಒಳ್ಳೆಯ ದಿನ ನೋಡುವುದಷ್ಟೇ ಬಾಕಿ.

ಅಷ್ಟರಲ್ಲಿ ಒಂದು ಗುರುವಾರ ಬೆಳಿಗ್ಗೆ ಅಕ್ಕನ ವಾಟ್ಸಾಪಿಗೆ ಲಗ್ನಪತ್ರಿಕೆಯೊಂದು ಬಂತು. ಯಾರ ಮದುವೆ ಎಂದು ಮೇಲೆ ಬರೆದಿರಲಿಲ್ಲ, 'ಮದುವೆಯ ಆಮಂತ್ರಣ' ಎಂದಷ್ಟೇ. ಕಳಿಸಿದ ನಂಬರು ಅವಳ ಫೋನಿನಲ್ಲಿ ಸೇವ್ ಆಗಿರಲಿಲ್ಲ. ಆದರೆ ಪಕ್ಕದ ಪುಟಾಣಿ ಫೋಟೋದಲ್ಲಿ ಹುಡುಗನ ತಂದೆ, ಬಿಕ್ಕೋಡಿನ ಯಜಮಾನರು, ಕಾಫಿ ಒಣಗಿಸುವ ಕಣದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೀಗರಾಗುವವರ ಮನೆಯಿಂದ ಪತ್ರಿಕೆ ಬಂದರೆ ತೆರೆದು ನೋಡದೆ ಇರುವುದುಂಟೇ? ಅಕ್ಕ ಒತ್ತಿದಳು. ತೆರೆಯಲಿಲ್ಲ. ಫೋನು ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಹೇಳಿತಂತೆ. ಅವಳು ಅದನ್ನು ನನಗೆ ಕಳಿಸಿ, 'ಇದು ತೆರೀತಿಲ್ಲ, ಏನ್ ಮಾಡ್ಲಿ ನೋಡೋ' ಎಂದು ಬರೆದಳು.

ನಾನು ಪರೀಕ್ಷೆಯ ಡ್ಯೂಟಿಯಲ್ಲಿದ್ದೆ. ಮೇಜಿನ ಮರೆಯಲ್ಲಿ ಫೋನು ನೋಡಿ, ಆಮೇಲೆ ನೋಡುತ್ತೇನೆ ಎಂಬ ಅರ್ಥದಲ್ಲಿ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿದೆ. ತಮ್ಮ ಸರಿ ಅಂದ, ಒತ್ತಬಹುದು ಎಂದು ಅಕ್ಕ ತಿಳಿದುಕೊಂಡಳು. ಫೋನು ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟು, ಒಂದಲ್ಲ, ನಾಲ್ಕು ಸಲ ಒತ್ತಿದಳು. ಊರಿಗೆಲ್ಲ ಒಟಿಪಿಯ ಬಗ್ಗೆ ಭಾಷಣ ಬಿಗಿಯುವ ನಾನು ಈ ಇಡೀ ಕಥೆಯಲ್ಲಿ ಮಾಡಿದ ಮೊದಲ ಕೆಲಸ ಇದು.

ಅದು ಪತ್ರಿಕೆಯಾಗಿರಲಿಲ್ಲ. ಪತ್ರಿಕೆಯ ವೇಷದ ಒಂದು ಆಪು. ಸಂಜೆಯ ಹೊತ್ತಿಗೆ ಅಕ್ಕನ ಫೋನಿನಲ್ಲಿದ್ದ ಅಷ್ಟೂ ನಂಬರುಗಳಿಗೆ ಅವಳ ಹೆಸರಿನಲ್ಲಿ ಮದುವೆಯ ಆಮಂತ್ರಣ ಹೋಗಿತ್ತು.

ಈಗ ನೋಡಿ ನಮ್ಮ ಜನ. ಫೋನಿಗೆ ಏನೋ ಆಗಿದೆ ಎಂದು ಒಬ್ಬರೂ ಅಂದುಕೊಳ್ಳಲಿಲ್ಲ. ಹುಲಿಕೆರೆಯ ಚಿಕ್ಕಮ್ಮನಿಂದ ಮೊದಲ ಫೋನು.

"ಏನೇ, ಮಗಳ ಲಗ್ನಪತ್ರಿಕೆನ ಫೋನಲ್ಲಿ ಕಳಿಸ್ತೀಯಾ? ಎರಡು ಮೈಲಿ ಬಂದು ಕುಂಕುಮ ಇಟ್ಟು ಕರೆಯಕ್ಕೆ ನಿನ್ ಕಾಲು ಬಿದ್ದೋಗಿದ್ವಾ?"

"ಚಿಕ್ಕಮ್ಮ, ಮದುವೆನೇ ಗೊತ್ತಾಗಿಲ್ಲ ಕಣಮ್ಮ."

"ಗೊತ್ತಾಗ್ದೆ ಪತ್ರಿಕೆ ಹೆಂಗೆ ಅಚ್ಚಾಯ್ತು? ಅದೂ ಬೇರೆ ತೆರೆಯಂಗಿಲ್ಲ. ನಮ್ಗೆ ಗೊತ್ತಾಗ್ಬಾರ್ದು ಅಂತ ಬೀಗ ಹಾಕಿ ಕಳ್ಸಿದ್ದೀಯಾ?"

ಇಂಥ ಫೋನುಗಳು ಎರಡು ದಿನ. ಅವಕ್ಕಾದರೂ ನಗಬಹುದಿತ್ತು. ಮೂರನೆಯ ದಿನ ಕಣಕಟ್ಟೆಯ ಹಿರಿಯರು ಬಿಕ್ಕೋಡಿನ ಮಾತು ತಂದರು. ಫೋನಿನಲ್ಲಲ್ಲ, ಖುದ್ದು ಬಂದು, ಅಕ್ಕನ ಮನೆಯ ಜಗಲಿಯ ಮೇಲೆ ಕೂತು. ನಾನೂ ಅಂದು ಅಲ್ಲಿದ್ದೆ.

"ಅವ್ರು ಬೋ ಬೇಜಾರ್ ಮಾಡ್ಕಂಡವ್ರೆ ಕಣಮ್ಮ. ಬೇರೆ ಕಡೆ ಲಗ್ನ ಗೊತ್ತು ಮಾಡ್ಕಂಡು, ಪತ್ರಿಕೆ ಹಂಚಿ, ನಮ್ ಮನೆಗೆ ಸುಮ್ನೆ ಕಾಫಿ ಕುಡಿಯಕ್ಕೆ ಬಂದಿದ್ರಾ ಅಂತಾವ್ರೆ. ಮಾತಿಗೆ ನಿಲ್ದೇ ಇರೋ ಮನೆ ಅಂದ್ರು. ನಾನ್ ಅಂದಿದ್ದಲ್ಲ, ಅವ್ರಂದಿದ್ದು."

"ಅಣ್ಣ, ಆ ಪತ್ರಿಕೆ ನನಗೆ ಬಂದಿದ್ದೇ ಅವರಿಂದ," ಎಂದಳು ಅಕ್ಕ.

"ಅದ್ನೂ ಕೇಳ್ದೆ. ನಾವು ಯಾವ ಪತ್ರಿಕೇನೂ ಕಳ್ಸಿಲ್ಲ, ಬೇಕಾದ್ರೆ ಫೋನ್ ನೋಡ್ಕಳಿ ಅಂದ್ರು. ನೋಡ್ದೆ. ಇಲ್ಲ. ನಿನ್ ಫೋನಲ್ಲಿ ಐತಾ ತೋರ್ಸು."

ಅಕ್ಕನ ಫೋನಿನಲ್ಲಿ ಏನೂ ಇರಲಿಲ್ಲ. ಹೆದರಿಕೊಂಡು ಅವಳು ಹಿಂದಿನ ದಿನವೇ ಮೊಬೈಲ್ ಅಂಗಡಿಗೆ ಕೊಟ್ಟು ಅದಕ್ಕೆ ತಲೆಸ್ನಾನ ಮಾಡಿಸಿಬಿಟ್ಟಿದ್ದಳು. ಹಳೆಯ ಒಂದು ಅಕ್ಷರವೂ ಉಳಿದಿರಲಿಲ್ಲ. ನನ್ನ ಫೋನಿನಲ್ಲಿ ಗುರುವಾರ ಬೆಳಿಗ್ಗೆ ಅವಳು ಕಳಿಸಿದ ಕಡತ ಇತ್ತು. ಆದರೆ ಅದರ ಮೇಲೆ 'ಫಾರ್ವರ್ಡೆಡ್' ಎಂದು, ಎಲ್ಲಿಂದಲೋ ಬಂದದ್ದು ಎಂದು ಮಾತ್ರ ಇತ್ತು, ಎಲ್ಲಿಂದ ಎಂದಿರಲಿಲ್ಲ. ಅದನ್ನೇ ತೋರಿಸಿದೆ.

"ಅದೇ ಅವ್ರು ಹೇಳದು," ಎಂದರು ಹಿರಿಯರು. "ಇನ್ನೊಂದು ಗಂಡಿನ ಮನೆಯೋರು ಕಳ್ಸಿರ್ಬೇಕು ಅಂತ."

ಅಕ್ಕ ಒಳಗೆ ಹೋದವಳು ಅವರು ಹೋಗುವ ತನಕ ಹೊರಗೆ ಬರಲಿಲ್ಲ. ಬಾವ ಇದ್ದಿದ್ದರೆ ಆ ಮನುಷ್ಯ ಜಗಲಿಯ ಮೇಲೆ ಕೂತು ಹಾಗೆ ಮಾತಾಡುತ್ತಿದ್ದನೇ ಎಂದು ನನ್ನ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು, ನಾನು ಇದ್ದೂ ಆತ ಮಾತಾಡಿದ್ದಕ್ಕೆ.

ದೂರು ಕೊಡೋಣ ಎಂದು ಪೊಲೀಸ್ ಠಾಣೆಗೆ ಹೋದೆ. ಬರೆದುಕೊಳ್ಳುವವರು ಸಂಭಾವಿತರೇ. "ದುಡ್ಡು ಹೋಯ್ತಾ ಸಾರ್?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೇನು ಹೋಯ್ತು?" ಮಾತು ಹೋಯಿತು ಎಂದೆ. ಅವರು ಕಾಗದವನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಸಾರ್," ಎಂದರು. ಅವರನ್ನು ಬೈಯಲು ಬಾಯಿ ಬರಲಿಲ್ಲ. ನಮ್ಮ ಜನರ ಹತ್ತಿರವೂ ಆ ಕಾಲಂ ಇರಲಿಲ್ಲವಲ್ಲ.

ಹಾಗೆ ನಾನು ಕೋರ್ಸಿನ ಎರಡನೆಯ ಪಾಠಕ್ಕೆ ಹಿಂದಿರುಗಿದೆ.

ಲ್ಯಾಬಿನ ಮೂಲೆಯ ಒಂದು ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ವೈರು ಕಿತ್ತು, ಮತ್ತೆ ಯಾರೂ ಸಿಕ್ಕಿಸದಂತೆ ವೈರನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗ ಎಳೆದು ನೋಡಿ, ಆ ಕಡತವನ್ನು ಅದರೊಳಗೆ ಇಳಿಸಿದೆ. ಓಡಿಸಲು ಅಲ್ಲ, ಓದಲು. ಆಪಿನ ಮೇಲುಮೇಲಿನ ಭಾಗ ಹೇಗೋ ಅರ್ಥವಾಯಿತು. ಅದು ತನ್ನ ನಕಲನ್ನು ಎಲ್ಲರಿಗೂ ಕಳಿಸುತ್ತದೆ, ಕಳಿಸಿದ ಗುರುತನ್ನು ಅಳಿಸುತ್ತದೆ. ಬಿಕ್ಕೋಡಿನ ಫೋನಿನಲ್ಲಿ ಏನೂ ಕಾಣದಿದ್ದುದು ಅದಕ್ಕೇ ಇರಬೇಕು. ಆದರೆ ಕಡತದ ಕಟ್ಟಕಡೆಯಲ್ಲಿ ಅರ್ಥವಿಲ್ಲದ ಹತ್ತು ಅಕ್ಷರಗಳು ಬಿದ್ದಿದ್ದವು. ಆ ಹತ್ತನ್ನು ಮುಟ್ಟುವ ಕೆಲಸ ಮಾತ್ರ ಇನ್ನೂ ಆಳದಲ್ಲಿ, ಪ್ರೊಸೆಸರಿನ ಸ್ವಂತ ಭಾಷೆಯಲ್ಲಿತ್ತು. ಅದನ್ನು ಮನುಷ್ಯರು ಓದುವಂತೆ ಸಾಲುಸಾಲಾಗಿ ಬಿಡಿಸಿಟ್ಟರೆ ಸಿಗುವುದೇ ಅಸೆಂಬ್ಲಿ.

ಕೋರ್ಸಿನಲ್ಲಿ ಪಾಠ ಹೇಳುವವನು ಇಪ್ಪತ್ತೈದರ ಆಸುಪಾಸಿನವನು. ಪ್ರತಿ ಎರಡು ನಿಮಿಷಕ್ಕೊಮ್ಮೆ 'ಇದು ಬಹಳ ಸರಳ' ಎನ್ನುತ್ತಾನೆ. ಅವನ ಮೇಲೆ ನನಗೆ ಬಂದಿರುವ ಕೋಪ ಸಣ್ಣದಲ್ಲ. ಸರಳವಾಗಿದ್ದರೆ ನಾನೇಕೆ ಅದೇ ಹನ್ನೊಂದು ನಿಮಿಷವನ್ನು ಆರು ಸಲ ನೋಡಬೇಕಿತ್ತು? ಡಿಪ್ಲೊಮಾದಲ್ಲಿ ಈ ವಿಷಯವನ್ನು ಬಾಯಿಪಾಠ ಮಾಡಿ, ಪಾಸಾಗುವಷ್ಟೇ ಅಂಕ ತೆಗೆದು, ದೇವರಿಗೆ ಕೈಮುಗಿದು ಬಿಟ್ಟಿದ್ದೆ. ಆಗ ಅರ್ಥ ಮಾಡಿಕೊಳ್ಳದ್ದಕ್ಕೆ ಈಗ ಶಿಕ್ಷೆ.

ಭಾನುವಾರಗಳಲ್ಲಿ ಹಾಳೆಗಳನ್ನು ಪ್ರಿಂಟು ತೆಗೆದುಕೊಂಡು ಹಳೇಬೀಡಿಗೆ ಹೋಗುತ್ತಿದ್ದೆ. ಅಕ್ಕ ತಿಂಡಿ ತಟ್ಟೆ ಇಟ್ಟು ಎದುರಿಗೆ ಕೂರುತ್ತಿದ್ದಳು. ಪ್ರೊಸೆಸರಿಗೆ ಇರುವ ಪುಟ್ಟಪುಟ್ಟ ಜಾಗಗಳು ಕೆಲವೇ, ಅವಕ್ಕೆ ರಿಜಿಸ್ಟರ್ ಎನ್ನುತ್ತಾರೆ. ಮೆಮೊರಿಯಲ್ಲಿ ಎಷ್ಟೇ ಇದ್ದರೂ ಕೆಲಸ ಮಾಡಬೇಕಾದರೆ ಒಂದೊಂದನ್ನೇ ಇಲ್ಲಿಗೆ ತಂದುಕೊಳ್ಳಬೇಕು ಎಂದು ಹೇಳಿದೆ.

"ಅಷ್ಟೇನಾ? ನಮ್ಮ ತೋಟದಲ್ಲಿ ಕಾಯಿ ಸುಲಿಯೋನು ಮಾಡೋದೂ ಅದೇ ಅಲ್ವೇನೋ," ಎಂದಳು ಅಕ್ಕ. "ರಾಶಿ ಎಷ್ಟೇ ಇರ್ಲಿ, ರಾಶಿ ಮೇಲೆ ಸುಲಿಯಕ್ಕಾಗುತ್ತಾ? ಒಂದ್ ಕಾಯಿ ಎತ್ಕೊಂಡ, ಮೊನೆಗೆ ಹೊಡೆದ, ಸುಲಿದ, ಆ ಕಡೆ ಎಸೆದ. ಇನ್ನೊಂದು ಎತ್ಕೊಂಡ. ರಾಶಿ ಮುಗೀತಾ ಅಂತ ನೋಡ್ದ, ಮುಗೀದಿದ್ರೆ ಇನ್ನೊಂದು."

ಇಪ್ಪತ್ತೈದರ ಆ ಹುಡುಗ ಹನ್ನೊಂದು ನಿಮಿಷದಲ್ಲಿ ಹೇಳಲಾಗದ್ದು ಅದು. ನನ್ನ ಮುಂದಿದ್ದ ಸಾಲುಗಳೂ ಅಷ್ಟೇ ಇದ್ದವು: ಒಂದು ಅಕ್ಷರ ಎತ್ತಿಕೋ, ಅದಕ್ಕೆ ಏನೋ ಮಾಡು, ಆ ಕಡೆ ಇಡು, ಹತ್ತಾಯಿತೇ ನೋಡು, ಆಗದಿದ್ದರೆ ಮೇಲಕ್ಕೆ ಹೋಗು. ಆ 'ಏನೋ ಮಾಡು' ಎಂಬಲ್ಲಿ ನಾನು ಸಿಕ್ಕಿಕೊಂಡಿದ್ದೆ. ಅದನ್ನು ಬಿಡಿಸಿದವಳು ಸೊಸೆ. ನಮ್ಮ ಕಡೆ ಅಕ್ಕನ ಮಗಳು ಸೊಸೆಯೇ.

"ಮಾವ, ಮೆಟ್ಟಿಲ ಮೇಲಿನ ಲೈಟಿಗೆ ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು ಇದೆಯಲ್ಲ. ಎರಡೂ ಒಂದೇ ಥರ ಇದ್ರೆ ಆಫು, ಬೇರೆ ಬೇರೆ ಇದ್ರೆ ಆನು. ಇದೂ ಅದೇ. ಒಂದೇ ಸ್ವಿಚ್ಚನ್ನ ಎರಡು ಸಲ ಒತ್ತಿದ್ರೆ ಮೊದಲಿದ್ದ ಹಾಗೇ ಆಗುತ್ತೆ. ಅಂದ್ರೆ ಮುಚ್ಚಿದ್ದು ಯಾವ ಅಂಕಿಯಿಂದಲೋ ಅದೇ ಅಂಕಿ ಹಾಕಿದ್ರೆ ತೆರ್ಕೊಳ್ಳುತ್ತೆ."

ಮುಚ್ಚಿದ ಅಂಕಿ ಕೋಡಿನಲ್ಲೇ ಇತ್ತು. ಮೊದಲ ಅಕ್ಷರಕ್ಕೆ ಹಾಕಿದೆವು. ಒಂಬತ್ತು ಬಂತು. ಎರಡನೆಯದಕ್ಕೆ ಹಾಕಿದರೆ ಕಸ. ಮೂರನೆಯದೂ ಕಸ.

ಮೂರು ವಾರ ಆ ಕಸವನ್ನೇ ಕೆದಕಿದೆ. ಎಲ್ಲವೂ ನನ್ನ ಭ್ರಮೆ, ಆ ಒಂಬತ್ತು ಕೂಡ ಆಕಸ್ಮಿಕ ಎಂದುಕೊಂಡೆ. ಅಕ್ಕನ ಮೇಲೂ ಒಂದು ಗಳಿಗೆ ಅನುಮಾನ ಬಂತು ಎಂಬುದನ್ನು ಇಲ್ಲಿ ಬರೆಯದಿದ್ದರೆ ನಾನು ಉಳಿದವರನ್ನು ಬೈಯುವ ಯೋಗ್ಯತೆ ಕಳೆದುಕೊಳ್ಳುತ್ತೇನೆ. ಫೋಟೋ ನೋಡಿದ್ದು ಖಂಡಿತವಾ, ಅಕ್ಕ? ಎಂದು ಕೇಳಿಯೇ ಬಿಟ್ಟೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಎರಡನೆಯ ಸಲ ಬಡಿಸಲೂ ಇಲ್ಲ.

ಸೊಸೆ ಹಾಳೆಯನ್ನು ಎಳೆದುಕೊಂಡಳು. "ಮೊದಲನೇದು ಸರಿ ಬಂದು ಎರಡನೇದು ತಪ್ಪಿತು ಅಂದ್ರೆ, ನಡುವೆ ಏನೋ ಬದಲಾಗಿದೆ ಮಾವ. ಇಲ್ಲಿ 'ಒಂದು ಕೂಡಿಸು' ಅಂತ ಎರಡು ಸಾಲು ಇದೆಯಲ್ಲ, ಎರಡ್ಯಾಕೆ?"

ಒಂದು ಸಾಲು, ಎಷ್ಟು ಅಕ್ಷರವಾಯಿತೆಂದು ಎಣಿಸುವುದಕ್ಕೆ. ಇನ್ನೊಂದನ್ನು ನಾನು ಅದರದೇ ಪುನರಾವರ್ತನೆ ಎಂದು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೆ. ಇಪ್ಪತ್ತು ವರ್ಷ ಮಕ್ಕಳ ರೆಕಾರ್ಡಿನಲ್ಲಿ ಎರಡೆರಡು ಸಲ ಬರೆದ ಸಾಲನ್ನು ಕೆಂಪಿನಲ್ಲಿ ಹೊಡೆದ ಕೈ. ಆ ಸಾಲು ಕೂಡಿಸುತ್ತಿದ್ದುದು ಬೀಗದ ಅಂಕಿಗೆ. ಪ್ರತಿ ಅಕ್ಷರಕ್ಕೂ ಬೀಗ ಒಂದೊಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಹಾಗೆ ಮಾಡಿದ ಮೇಲೆ ಅಂಕಿಗಳು ಕಾಯಿ ಬಿದ್ದ ಹಾಗೆ ಒಂದೊಂದಾಗಿ ಬಿದ್ದವು. ಹತ್ತು ಅಂಕಿ. ಒಂದು ಫೋನ್ ನಂಬರು. ಆ ಆಪು ಯಾವ ಫೋನಿನಿಂದ ಹೊರಟಿತೋ ಅದರ ನಂಬರನ್ನು ಬಾಲದಲ್ಲಿ ಕಟ್ಟಿಕೊಂಡು ಬಂದಿತ್ತು.

ನಮ್ಮಲ್ಲಿ ಯಾರ ಹತ್ತಿರವೂ ಆ ನಂಬರು ಇರಲಿಲ್ಲ. ಬಿಕ್ಕೋಡಿನವರು ಕೊಟ್ಟಿದ್ದ ನಂಬರು ಬೇರೆ. ಸೊಸೆ ತನ್ನ ಫೋನಿನಲ್ಲಿ ಅದನ್ನು ಸೇವ್ ಮಾಡಿ ವಾಟ್ಸಾಪು ತೆರೆದಳು. ಕಾಫಿ ಕಣದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಯಜಮಾನರು ನಿಂತಿದ್ದರು.

ಅಕ್ಕನನ್ನು ಕರೆದು ತೋರಿಸಿದೆವು. ಅವಳು ನೋಡಿ, "ನಾನ್ ಹೇಳಿರ್ಲಿಲ್ವಾ," ಎಂದಳು, ಅಷ್ಟೆ. ಆಮೇಲೆ ನನಗೆ ಊಟ ಬಡಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಬೇಲೂರಿಗೆ ಹೋಗಿ, ಅಲ್ಲಿಂದ ಬಿಕ್ಕೋಡಿನ ಬಸ್ಸು ಹತ್ತಿ, ಮೂವರೂ ಅವರ ಮನೆಗೆ ಹೋದೆವು. ನನ್ನ ಕೈಯಲ್ಲಿ ಮೂರು ಹಾಳೆ ಪ್ರಿಂಟು. ಮುಖ್ಯವಾದ ಸಾಲುಗಳಿಗೆ ಹಳದಿ ಬಳಿದಿದ್ದೆ. ಯಜಮಾನರು ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ನಾನು ಹಾಳೆಗಳನ್ನು ಟೀಪಾಯಿಯ ಮೇಲೆ ಹರಡಿ ರಿಜಿಸ್ಟರುಗಳಿಂದ ಶುರು ಮಾಡಿದೆ. ಅವರು ನಾಲ್ಕು ಮಾತು ಕೇಳಿ, ಖಾಲಿ ಲೋಟವನ್ನು ಹಳದಿ ಸಾಲಿನ ಮೇಲೆಯೇ ಇಟ್ಟರು.

"ಮೇಷ್ಟ್ರೇ, ನಮ್ಗೆ ಅವೆಲ್ಲ ಗೊತ್ತಾಗಕಿಲ್ಲ. ಫೋನು ತಾನಾಗೇ ಪತ್ರಿಕೆ ಕಳ್ಸ್ತು ಅಂದ್ರೆ ಯಾರಾನ ನಂಬ್ತಾರಾ? ನಮ್ ಮನೇಲೂ ಫೋನ್ ಐತೆ. ಅದ್ಯಾಕೆ ಕಳ್ಸಲ್ಲ?"

ಎರಡು ತಿಂಗಳ ನನ್ನ ವಿದ್ಯೆ ಆ ಲೋಟದ ಕೆಳಗೆ ವೃತ್ತಾಕಾರವಾಗಿ ಒದ್ದೆಯಾಗುತ್ತಿತ್ತು. ಏನೋ ಒರಟಾಗಿ ಹೇಳಲು ಬಾಯಿ ತೆರೆದಿದ್ದೆ. ಸೊಸೆ ತಡೆದಳು.

"ಮಾವ, ಬೇರೇನೂ ಬೇಡ. ನಂಬರ್ ಓದಿ."

ಓದಿದೆ. ಆರು ಅಂಕಿ ಓದುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಜಮಾನರ ಹೆಂಡತಿ ಉಳಿದ ನಾಲ್ಕನ್ನೂ ಹೇಳಿಬಿಟ್ಟರು.

"ಅದು ತೋಟದ ಫೋನು," ಎಂದರು. "ಆಳುಗಳಿಗೆ ಮಾಡಕ್ಕೆ ಅಂತ ಮಡಗಿರೋದು. ಹುಡುಗಿ ನೋಡಕ್ಕೆ ಬರೋ ದಿನ ನಿಮ್ಮನೆ ದಾರಿ ಕೇಳಿದ್ದೂ ಅದ್ರಲ್ಲೇ."

"ನೀನ್ ಸುಮ್ಕಿರು," ಎಂದರು ಯಜಮಾನರು.

"ಸುಮ್ಕಿದ್ನಲ್ಲ ಇಷ್ಟ್ ದಿನ. ನನ್ ತವರು ಕಡೆಯಿಂದ ಒಂದು ಪತ್ರಿಕೆ ಬಂದಿತ್ತು ಅದ್ಕೆ. ನೋಡ್ದಿದ್ರೆ ಏನಂದ್ಕತಾರೆ ಅಂತ ಒತ್ತಿದೆ. ತೆರೀಲಿಲ್ಲ. ತಿರ್ಗಾ ಒತ್ತಿದೆ. ಫೋನ್ ಕೆಡಿಸ್ದೆ ಅಂತ ಬೈತೀರಾ ಅಂತ ನಿಮ್ಗೆ ಹೇಳ್ಲಿಲ್ಲ."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಅಷ್ಟು ದಿನ ಸಾಣೆ ಹಿಡಿದ ಸಿಟ್ಟನ್ನು ಇಳಿಸಲು ಜಾಗವೇ ಇಲ್ಲದಂತಾಯಿತು. ಕರೆದವರ ಮನಸ್ಸು ನೋಯಬಾರದೆಂದು ಪತ್ರಿಕೆ ತೆರೆದ ಒಬ್ಬ ಹೆಂಗಸಿನಿಂದ ಅಂಥದೇ ಇನ್ನೊಬ್ಬ ಹೆಂಗಸಿಗೆ ತಪ್ಪನ್ನು ದಾಟಿಸುವುದಕ್ಕೆ ನಾನು ಬಸ್ಸು ಹತ್ತಿ ಬಂದ ಹಾಗಿತ್ತು. ಅಕ್ಕ ಎದ್ದು ಬಾಗಿಲ ಹತ್ತಿರ ಹೋದಳು.

"ನಾನೂ ನಾಕು ಸಲ ಒತ್ತಿದೆ ಕಣಮ್ಮ," ಎಂದಳು. "ನಮ್ಮ ತಮ್ಮ ಒತ್ತು ಅಂದ."

ಎಲ್ಲರೂ ನನ್ನನ್ನು ನೋಡಿದರು. ಆ ಹೆಬ್ಬೆಟ್ಟಿನ ಅರ್ಥ ಬೇರೆ ಎಂದು ವಿವರಿಸುವ ಹೊತ್ತು ಅದಾಗಿರಲಿಲ್ಲ.

ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಆಯ್ತು ಬಿಡಿ. ಆಗಿದ್ದು ಆಯ್ತು. ಒಂದ್ ಒಳ್ಳೆ ದಿನ ನೋಡಿ ಮುಂದಿನ್ ಮಾತಾಡಾನ."

"ಆ ಮಾತು ಮುಗೀತು, ಅದು ಬೇಡ," ಎಂದಳು ಸೊಸೆ. ದನಿ ಏರಿಸಲಿಲ್ಲ, ತರಗತಿಯಲ್ಲಿ ಲೆಕ್ಕ ತಪ್ಪಿದವರಿಗೆ ಹೇಳುವ ದನಿ. "ನಾವು ಬಂದಿದ್ದು ನಮ್ಮಮ್ಮನ ಮಾತಿಗೆ. ಮಾತಿಗೆ ನಿಲ್ಲದ ಮನೆ ಅಂದಿದ್ರಂತೆ. ಅದನ್ನ ವಾಪಸ್ ತಗೊಳ್ಳಿ."

ಅವರು ಕಣದ ಕಡೆ ನೋಡಿದರು, ಲೋಟದ ಕಡೆ ನೋಡಿದರು. ಎರಡು ಮಾರು ದೂರದಲ್ಲಿ ನಿಂತಿದ್ದ ಅಕ್ಕನ ಕಡೆ ಮಾತ್ರ ನೋಡಲಿಲ್ಲ. ಕೊನೆಗೆ ಜೇಬಿನಿಂದ ಫೋನು ತೆಗೆದು ಕಣಕಟ್ಟೆಯ ಹಿರಿಯರಿಗೆ ಮಾಡಿದರು.

"ಹ್ಞೂ, ನಾನೇ. ಹಳೇಬೀಡಿನ ಆಯಮ್ಮ ಹೇಳಿದ್ದು ನಿಜ ಐತೆ. ಪತ್ರಿಕೆ ನಮ್ ಕಡೆಯಿಂದ್ಲೇ ಹೋಗಿರದು. ನಾನಂದ ಮಾತು ತಪ್ಪಾಯ್ತು ಅಂತ ಅವ್ರಿಗೆ ತಿಳಿಸ್ಬುಡಿ."

ಎದುರಿಗಿರುವವಳಿಗೆ ಹೇಳಬೇಕಾದ ಒಂದು ಮಾತನ್ನು ಕಣಕಟ್ಟೆಗೆ ಕಳಿಸಿ ಅಲ್ಲಿಂದ ತರಿಸುವ ಈ ಪದ್ಧತಿಯ ಬಗ್ಗೆ ನಾನು ಬಸ್‌ಸ್ಟಾಪಿನ ತನಕ ಕೂಗಾಡಿದೆ. ಗಂಡಸಾದವನು ಮುಖ ನೋಡಿ ಹೇಳಲಾರನೇ ಎಂದೆ. ಹೆಂಡತಿಗೆ ಮನೆಯೊಳಗೆ ಏನು ಕಾದಿದೆಯೋ ಎಂದೂ ಚಿಂತಿಸಿದೆ. ಅಕ್ಕ, "ನೀನ್ ಸುಮ್ನಿರೋ, ಹೋದ ದಾರೀಲೇ ವಾಪಸ್ ಬರಬೇಕು ಮಾತು," ಎಂದಳು. "ನನ್ನೊಬ್ಬಳಿಗೆ ಹೇಳಿದ್ರೆ ನನಗೊಬ್ಬಳಿಗೇ ಗೊತ್ತಾಗೋದು. ಆಕೆ ನಂಬರು ತಗೊಂಡಿದ್ದೀನಿ, ಸಾಯಂಕಾಲ ನಾನೇ ಮಾಡ್ತೀನಿ."

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸು ಖಾಲಿ ನಿಂತಿತ್ತು. ಡ್ರೈವರು ಇರಲಿಲ್ಲ, ಇಂಜಿನ್ ಆಫಾಗಿತ್ತು, ಒಳಗೆ ನಾವು ಮೂವರೇ. ಅಕ್ಕನ ಫೋನು ರಿಂಗಾಯಿತು. ಕಣಕಟ್ಟೆಯ ಹಿರಿಯರು. ಅಕ್ಕ ಸ್ಪೀಕರು ಹಾಕಿದಳು. ಅವರು ಬಿಕ್ಕೋಡಿನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಫೋನನ್ನು ಬಾಯಿಗೆ ಹತ್ತಿರ ತಂದು,

"ಅಣ್ಣ, ಬಸ್ಸಲ್ಲಿ ಬಾಳ ಗದ್ದಲ," ಎಂದಳು. "ಇನ್ನೊಂದ್ ಸಲ ಹೇಳಿ."